ಅಕ್ಷರ ಉದುರಿ ಸಹಿ ಉಳಿದ ಕಾಗದ

ಕಳೆದ ಮಂಗಳವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬ ಮನುಷ್ಯನ ಪೂರ್ತಿ ಜಾಗ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು.

ಉತ್ಪ್ರೇಕ್ಷೆಯಲ್ಲ. ಒಂದು ದಪ್ಪ ಬಿಳಿ ಹಾಳೆ. ಮೇಲಿನ ಮುಕ್ಕಾಲು ಭಾಗ ಖಾಲಿ, ಅಲ್ಲಲ್ಲಿ ಬೂದು ಬಣ್ಣದ ಗೀರು. ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ ಅಚ್ಚುಕಟ್ಟಾದ ಒಂದು ಸಹಿ. ಅದರ ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಸಹಿ. ಅಂಥ ಹಾಳೆಯ ಮೇಲೆ ಏನು ಬೇಕಾದರೂ ಬರೆಯಬಹುದು, ಹೌದಲ್ಲ? ಎಂಟು ಅಡಿ ದಾರಿ ಬಿಟ್ಟುಕೊಟ್ಟಿದ್ದೇನೆ ಅಂತ ಬರೆಯಬಹುದು. ಇಡೀ ತೋಟ ಬಿಟ್ಟುಕೊಟ್ಟಿದ್ದೇನೆ ಅಂತಲೂ ಬರೆಯಬಹುದು. ಕೆಳಗಿನ ಸಹಿ ಎರಡಕ್ಕೂ ಸಾಕು.

(ಸಾಕ್ಷಿಗಳಲ್ಲಿ ಒಬ್ಬಳು ನಾನೇ. ಏನಕ್ಕೆ ಸಾಕ್ಷಿ ಅಂತ ಮಾತ್ರ ಈಗ ಕೇಳಬೇಡಿ.)

ಸಹಿ ಉಮರಾಕನದು. ಉಮರಬ್ಬ ಅಂತ ಹೆಸರು, ಊರಿಗೆಲ್ಲ ಉಮರಾಕ. ಕೆದಂಬಾಡಿಯಲ್ಲಿ ನನ್ನ ಅಕ್ಕನ ನೆರೆಯವರು. ಇಪ್ಪತ್ತು ವರ್ಷ ಶಾರ್ಜಾದಲ್ಲಿ ಬಟ್ಟೆ ಅಂಗಡಿ ನೋಡಿಕೊಂಡಿದ್ದು, ಈಗ ಊರಲ್ಲಿ ತೋಟ ಮಾಡಿಕೊಂಡಿದ್ದಾರೆ. ಅವರ ಇಬ್ಬರು ಹೆಣ್ಣುಮಕ್ಕಳೂ ನನ್ನ ಹತ್ತಿರ ಹತ್ತನೇ ಕ್ಲಾಸಿನ ವಿಜ್ಞಾನ ಕಲಿತವರು. ಹಾಗಾಗಿ ನಾನು ಅವರಿಗೆ ಟೀಚರ್. ನಿವೃತ್ತಿಯಾಗಿ ಎರಡು ವರ್ಷವಾದರೂ ಟೀಚರ್.

ಅಕ್ಕನ ಮನೆಗೆ ವಾಹನ ಬರುವುದಿಲ್ಲ. ಮುಖ್ಯ ರಸ್ತೆಯಿಂದ ಉಮರಾಕನ ತೋಟದ ಅಂಚಿನಲ್ಲಿ ಒಂದು ಕಾಲುದಾರಿ, ಅಷ್ಟೆ. ಮೊದಲು ಅದೊಂದು ತೊಂದರೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಕಳೆದ ವರ್ಷ ಭಾವನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಪುತ್ತೂರಿಗೆ ಡಯಾಲಿಸಿಸ್‌ಗೆ ಹೋಗಬೇಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಭಾವನನ್ನು ಕೂರಿಸಿ, ಮುಂದೆ ಅಕ್ಕನ ಮಗ ಪ್ರಸಾದ, ಹಿಂದೆ ಕೆಲಸಕ್ಕೆ ಬರುವ ಒಬ್ಬರು, ಇಬ್ಬರೂ ಸೇರಿ ರಸ್ತೆಯವರೆಗೆ ಎತ್ತಿಕೊಂಡು ಹೋಗುತ್ತಾರೆ. ಬರುವಾಗ ಪುನಃ ಅದೇ. ಈ ಮಳೆಗಾಲದ ಮೊದಲ ವಾರ ಕುರ್ಚಿ ಒಂದು ಬದಿಗೆ ವಾಲಿತು. ಜಗಲಿಯಲ್ಲಿ ಕೂತಿದ್ದ ಉಮರಾಕ ಓಡಿಬಂದು ಹಿಡಿದರು. ಇಲ್ಲದಿದ್ದರೆ ಭಾವ ನೇರ ಚರಂಡಿಗೆ.

ಆ ದಿನವೇ ಸಂಜೆ ಅವರು ಅಕ್ಕನ ಮನೆಗೆ ಬಂದು, "ನನ್ನ ಬದಿಯಿಂದ ಎಂಟಡಿ ಬಿಡ್ತೇನೆ. ಜೀಪು ನಿಮ್ಮ ಅಂಗಳಕ್ಕೇ ಬರ್ಲಿ," ಅಂದರು. ನಾವು ಕೇಳಿರಲಿಲ್ಲ. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಇವತ್ತು ಒಂದು ಅಡಿ ಜಾಗಕ್ಕೆ ಅಣ್ಣತಮ್ಮಂದಿರು ಮಾತು ಬಿಡುವ ಕಾಲದಲ್ಲಿ ಎಂಟಡಿ ಯಾರು ಕೊಡುತ್ತಾರೆ?

ಪಂಚಾಯಿತಿಯವರು ಕಾಂಕ್ರೀಟು ಹಾಕಿಕೊಡಲು ತಯಾರು. ಆದರೆ ಜಾಗದವರ ಒಪ್ಪಿಗೆ ಪತ್ರ ಬುಧವಾರದ ಸಭೆಗೆ ಸಿಗಬೇಕು. ಇಲ್ಲದಿದ್ದರೆ ಮುಂದಿನ ವರ್ಷದ ಪಟ್ಟಿಗೆ. ಆ ಬುಧವಾರವೇ ಬೆಳಗ್ಗಿನ ವಿಮಾನಕ್ಕೆ ಉಮರಾಕ ಶಾರ್ಜಾಕ್ಕೆ, ಸಣ್ಣ ಮಗಳ ಬಾಣಂತನಕ್ಕೆ ಹೆಂಡತಿಯೊಂದಿಗೆ. ಆರು ತಿಂಗಳು ಕಳೆದೇ ವಾಪಸ್ಸು.

ಆರು ತಿಂಗಳು ಅಂದರೆ ಆ ಕುರ್ಚಿ ಐವತ್ತು ಸಲ ಹೋಗಬೇಕು, ಐವತ್ತು ಸಲ ಬರಬೇಕು. ಲೆಕ್ಕ ಹಾಕಿ ನೋಡಿದ್ದೆ.

ಹಾಗಾಗಿ ಸೋಮವಾರ ಬೆಳಿಗ್ಗೆ ನಾನು ಪುತ್ತೂರಿನಲ್ಲಿ ವಸಂತನ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ನಿಂತಿದ್ದೆ ಅನ್ನುವುದು ಸರಿಯಲ್ಲ, ಕುಣಿಯುತ್ತಿದ್ದೆ. ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಕಾಯುವವಳಲ್ಲ. ಜೀವನಪೂರ್ತಿ ಶಾಲೆಯ ಬೆಲ್ಲಿನ ಮೇಲೆ ಬದುಕಿದವಳು. ನಲವತ್ತು ನಿಮಿಷ ಆಯಿತೋ, ಮುಂದಿನ ಕ್ಲಾಸು. ಹಾಲು ಉಕ್ಕುವುದನ್ನು ಕೂಡ ನಾನು ನಿಂತು ನೋಡಿದ್ದಿಲ್ಲ, ಅದಕ್ಕೇ ನಮ್ಮ ಮನೆಯ ಸ್ಟೌ ಯಾವಾಗಲೂ ಕರಿ.

ವಸಂತ ಕಡಬದ ಕಡೆಯವನು. ನಲವತ್ತರ ಆಸುಪಾಸು, ಮಾತು ಕಡಿಮೆ. ಅವನ ಹತ್ತಿರ ಒಂದು ಹಳೆಯ ದೊಡ್ಡ ಮಷಿನುಂಟು, ಜೆರಾಕ್ಸೂ ಅದರಲ್ಲೇ, ಪ್ರಿಂಟೂ ಅದರಲ್ಲೇ. ಮಳೆಗಾಲದಲ್ಲಿ ಅದರ ಸ್ಕ್ರೀನಿನ ಮೇಲೆ ಬರುವ "ಪ್ಲೀಸ್ ವೇಟ್" ಅನ್ನು ನಾನು ಓದಿದಷ್ಟು ಭಗವದ್ಗೀತೆ ಓದಿದ್ದರೆ ಇಷ್ಟು ಹೊತ್ತಿಗೆ ಮೋಕ್ಷ ಸಿಗುತ್ತಿತ್ತು. ಹೋದ ತಿಂಗಳು ಇದೇ ವಿಷಯಕ್ಕೆ ಅವನ ಮೇಲೆ ರೇಗಿದ್ದೆ. "ಎಂತದು ವಸಂತ, ಒಂದು ಹಾಳೆಗೆ ಐದು ನಿಮಿಷವಾ? ಕೈಯಲ್ಲಿ ಬರೆದಿದ್ರೆ ಆಗ್ತಿತ್ತು. ಎದುರಿನ ಅಂಗಡಿಗೆ ಹೋಗ್ತೇನೆ ನಾನು." ಅಂಗಡಿ ತುಂಬ ಜನ ಇದ್ದರು. ಅವನು ತಲೆ ತಗ್ಗಿಸಿ ಹಾಳೆ ಎಣಿಸುತ್ತಿದ್ದ.

ಈ ಸೋಮವಾರ ಮಾತ್ರ ಆಶ್ಚರ್ಯ. ಅವನು ಸ್ವಿಚ್ ಹಾಕಿದ್ದೇ, ನಾನು ಕೊಡೆ ಮಡಚುವಷ್ಟರಲ್ಲಿ "ರೆಡಿ" ಅಂತ ಬಂತು.

"ರಿಪೇರಿ ಮಾಡ್ಸಿದೆ ಟೀಚರ್. ಈಗ ಬೇಗ ಬರ್ತದೆ," ಅಂದ.

"ನೋಡಿದೆಯಾ, ಬೈದದ್ದಕ್ಕೆ ಪ್ರಯೋಜನ ಆಯ್ತು," ಅಂದೆ. ಬೀಗಿದೆ ಅಂತಲೇ ಹೇಳಬೇಕು.

ಒಪ್ಪಿಗೆ ಪತ್ರ ಅಲ್ಲವೇ, ಘನತೆಯಾಗಿ ಕಾಣಲಿ ಅಂತ ದಪ್ಪ ಬಾಂಡ್ ಪೇಪರಿನಲ್ಲಿ ಬೇಕು ಅಂದೆ. ಅವನು ಹಾಳೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, "ಇದು ಸ್ವಲ್ಪ ತಂಡಿ ಉಂಟು. ಪೆಟ್ಟಿಗೆಯಲ್ಲಿ ಹತ್ತು ನಿಮಿಷ ಇಟ್ಟು ಕೊಡ್ಲಾ?" ಅಂತ ಕೇಳಿದ. ನಮ್ಮ ಕಡೆ ಜೆರಾಕ್ಸ್ ಅಂಗಡಿಯವರ ಹತ್ತಿರ ಒಂದು ಮರದ ಪೆಟ್ಟಿಗೆ ಇರುತ್ತದೆ, ಒಳಗೆ ಹಳೆಯ ಕಾಲದ ಒಂದು ಬಲ್ಬು. ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ಬಿಸಿಲೇ ಇಲ್ಲದಾಗ ಕಾಗದ ಒಣಗುವುದು ಆ ಬಲ್ಬಿನ ಬಿಸಿಗೆ. ಜನರಿಗಿಂತ ಕಾಗದವೇ ಅಲ್ಲಿ ಬೆಚ್ಚಗಿರುತ್ತದೆ.

ಹತ್ತು ನಿಮಿಷ! ಕೆದಂಬಾಡಿಯ ಬಸ್ಸಿಗೆ ಏಳು ನಿಮಿಷವಿತ್ತು. "ಬೇಡ, ಹಾಗೇ ಕೊಡು," ಅಂದೆ. ಕೊಟ್ಟ. ಅಕ್ಷರ ಕಪ್ಪಗೆ, ಚಂದ ಬಂದಿತ್ತು. ಪ್ಲಾಸ್ಟಿಕ್ ಕವರಿಗೆ ತುರುಕಿಕೊಂಡು ಓಡಿದೆ.

ಉಮರಾಕ ಸೂಟ್‌ಕೇಸಿನ ಮುಂದೆ ಕೂತಿದ್ದರು. ಮಗಳಿಗೆ ಹಪ್ಪಳ, ಉಪ್ಪಿನಕಾಯಿ, ಒಣಗಿಸಿದ ಮಾವು, ಏನೇನೋ. ಕಾಗದ ಕೊಟ್ಟೆ. ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ಎಲ್ಲಿ ಹಾಕುದು ಟೀಚರ್?"

"ಓದಿ ನೋಡಿ ಒಮ್ಮೆ."

"ನೀವು ಬರ್ದದ್ದಲ್ವಾ? ಮತ್ತೆ ನಾನು ಓದುದು ಎಂತಕ್ಕೆ?"

ಸಹಿ ಹಾಕಿದರು. ಪ್ರಸಾದ ಸಾಕ್ಷಿ, ನಾನು ಸಾಕ್ಷಿ. ಚಾ ಕುಡಿದೆವು. ಮರುದಿನ ಬೆಳಿಗ್ಗೆಯೇ ಮನೆ ಬಿಟ್ಟು, ಸುಳ್ಯದಲ್ಲಿ ಅವರ ಅಕ್ಕನ ಮನೆ, ಕಡಬದಲ್ಲಿ ತಮ್ಮನ ಮನೆ ಮುಗಿಸಿ ಅಲ್ಲಿಂದಲೇ ವಿಮಾನಕ್ಕೆ ಅಂದರು. ಗಲ್ಫಿಗೆ ಹೊರಟವರು ಹತ್ತಿರದವರಿಗೆಲ್ಲ ಮುಖ ತೋರಿಸಿ, ಹೇಳಿಯೇ ಹೋಗಬೇಕು. ಎಷ್ಟು ಸಲ ಹೋಗಿಬಂದರೂ ಅದು ತಪ್ಪುವುದಿಲ್ಲ. ಕಾಗದವನ್ನು ನನ್ನ ಅಕ್ಕನ ಕೈಯಲ್ಲಿ ಕೊಟ್ಟು ನಾನು ಪುತ್ತೂರಿಗೆ ಬಂದೆ. ಕೆಲಸ ಮುಗಿಯಿತು ಅಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಅಕ್ಕನ ಫೋನು. "ಒಮ್ಮೆ ಬಾ ಮಾರಾಯ್ತಿ. ಕಾಗದದಲ್ಲಿ ಅಕ್ಷರ ಇಲ್ಲ."

ಅಕ್ಷರ ಇಲ್ಲ ಅಂದರೆ?

ಹೋಗಿ ನೋಡಿದರೆ ನಿಜಕ್ಕೂ ಇಲ್ಲ. ಅಕ್ಕ ಬೆಳಿಗ್ಗೆ ಎದ್ದು ಕವರಿನಿಂದ ಕಾಗದ ತೆಗೆದಿದ್ದಾಳೆ. ಅಕ್ಷರದ ಸುತ್ತ ಕಪ್ಪು ಕಪ್ಪು ಪುಡಿ. ಈ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಬೂಸ್ಟು ಹಿಡಿಯದ ವಸ್ತು ಯಾವುದು? ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಗೋಡೆಯ ಫೋಟೋಗೆ ಬೂಸ್ಟು. ಮಳೆಗಾಲದ ಹೆಂಗಸರ ಅರ್ಧ ಆಯುಸ್ಸು ಒಣ ಬಟ್ಟೆ ಹಿಡಿದು ಒರೆಸುವುದರಲ್ಲೇ ಕಳೆಯುತ್ತದೆ. ಅವಳೂ ಬೂಸ್ಟು ಅಂದುಕೊಂಡು ಒಣ ಬಟ್ಟೆ ತಂದು ಒರೆಸಿದಳು. ಬೋರ್ಡಿನಿಂದ ಸೀಮೆಸುಣ್ಣ ಹೋದ ಹಾಗೆ ಹೋಯಿತು. ಒಂದು ಸಾಲು ಹೋದಾಗಲೇ ನಿಲ್ಲಿಸಬಹುದಿತ್ತು ಅಂತ ನಾನು ಬಾಯಿ ಬಿಡುವ ಮೊದಲೇ ಅವಳು ಅಳಲು ಶುರು ಮಾಡಿದ್ದಳು.

ಪೆನ್ನಿನ ಸಹಿಗಳು ಮಾತ್ರ ಗಟ್ಟಿಯಾಗಿ ಕೂತಿದ್ದವು.

ಉಮರಾಕನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಮನೆಗೆ ಬೀಗ.

ಅವತ್ತು ಭಾವನ ಡಯಾಲಿಸಿಸ್ ದಿನ. ಕುರ್ಚಿ ಹೊರಟಿತು. ನಾನು ಹಿಂದಿನಿಂದ ಕೊಡೆ ಹಿಡಿದು ನಡೆದೆ. ಪ್ರಸಾದನ ಕಾಲು ಎರಡು ಕಡೆ ಜಾರಿತು. ಭಾವ ಕುರ್ಚಿಯ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಅವರು ಆ ದಾರಿಯುದ್ದಕ್ಕೂ ಕಣ್ಣು ಮುಚ್ಚಿಯೇ ಇರುತ್ತಾರೆ ಅಂತ ನನಗೆ ಅವತ್ತು ಗೊತ್ತಾದದ್ದು. ಈ ದಾರಿ ಇನ್ನೊಂದು ವರ್ಷ ಮುಂದಕ್ಕೆ ಹೋದರೆ ಅದಕ್ಕೆ ಕಾರಣ ಯಾರು?

ಪ್ರಸಾದನ ಓಮ್ನಿಯಲ್ಲಿ ಪುತ್ತೂರಿಗೆ ಹೊರಟೆವು. ಅವನು ಗೇರು ಬದಲಿಸುತ್ತಾ ಹೇಳಿದ, "ಚಿಕ್ಕಮ್ಮ, ಅಷ್ಟು ತಲೆಬಿಸಿ ಎಂತಕ್ಕೆ? ಸಹಿ ಉಂಟಲ್ಲ. ಅದೇ ಹಾಳೆಯನ್ನು ಪುನಃ ಮಷಿನಿಗೆ ಹಾಕಿ. ಅದೇ ಫೈಲ್, ಅದೇ ಅಕ್ಷರ. ಯಾರಿಗೆ ಗೊತ್ತಾಗ್ತದೆ?"

ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳೂ ಅಲ್ಲ. ಉಮರಾಕ ಒಪ್ಪಿದ್ದು ಅದೇ ಮಾತಿಗೆ. ನಾವು ಒಂದು ಅಕ್ಷರ ಹೆಚ್ಚು ಬರೆಯುವುದಿಲ್ಲ, ಒಂದು ಇಂಚು ಹೆಚ್ಚು ಕೇಳುವುದಿಲ್ಲ. ನಾನು ಹಿಂದಿನ ಸೀಟಿನಿಂದ "ಹಾಗೇ ಮಾಡುವ," ಅಂದುಬಿಟ್ಟೆ. ಹೌದು, ಅಂದೆ. ಈ ಅಂಕಣದಲ್ಲಿ ನಿಮಗೆಲ್ಲ ವರ್ಷಗಟ್ಟಲೆ ಬುದ್ಧಿ ಹೇಳಿದವಳು ನಾನೇ. ಭಾವ ಕಣ್ಣು ತೆರೆದು ಒಮ್ಮೆ ನನ್ನನ್ನು ನೋಡಿ, ಪುನಃ ಮುಚ್ಚಿದರು.

ನನ್ನನ್ನು ಅಂಗಡಿಯ ಮುಂದೆ ಇಳಿಸಿ ಅವರು ಆಸ್ಪತ್ರೆಗೆ ಹೋದರು.

ವಸಂತ ಹಾಳೆಯನ್ನು ನೋಡಿದ. ಬೆಳಕಿಗೆ ಹಿಡಿದ. ಅವನ ಮುಖ ಇಳಿಯಿತು.

"ಇದು ನನ್ನ ತಪ್ಪು ಟೀಚರ್."

"ಟೋನರ್ ಹಾಳಾ?"

"ಟೋನರ್ ಸರಿ ಉಂಟು. ಬಿಸಿ ಸಾಕಾಗ್ಲಿಲ್ಲ."

ಆಮೇಲೆ ಅವನು ಹೇಳಿದ್ದನ್ನು ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಇಪ್ಪತ್ತೆಂಟು ವರ್ಷ ವಿದ್ಯುತ್ ಪಾಠ ಮಾಡಿದವಳಿಗೆ ಇದಾವುದೂ ಗೊತ್ತಿರಲಿಲ್ಲ ಅಂದರೆ ನಾಚಿಕೆಯ ವಿಷಯ.

ಟೋನರ್ ಅನ್ನುವ ಆ ಕಪ್ಪು ಪುಡಿ ಶಾಯಿ ಅಲ್ಲ, ನುಣ್ಣನೆಯ ಪ್ಲಾಸ್ಟಿಕ್. ಮೊದಲು ಅದು ಅಕ್ಷರದ ಆಕಾರದಲ್ಲಿ ಕಾಗದದ ಮೇಲೆ ಸುಮ್ಮನೆ ಕೂತಿರುತ್ತದೆ, ಊದಿದರೆ ಹಾರುವಷ್ಟು ಹಗುರ. ಕೊನೆಗೆ ಕಾಗದ ಎರಡು ರೋಲರುಗಳ ನಡುವೆ ನುಸುಳುತ್ತದೆ. ಒಂದರ ಹೊಟ್ಟೆಯಲ್ಲಿ ಕೊಳವೆಯಂಥ ಒಂದು ಲ್ಯಾಂಪು. ಅದರ ಬಿಸಿಗೆ ಪುಡಿ ಕರಗಿ ಕಾಗದದ ನಾರಿಗೆ ಹಿಡಿದುಕೊಳ್ಳುತ್ತದೆ. ಆಗಲೇ ಅದು ಅಕ್ಷರ. ಅಲ್ಲಿಯವರೆಗೆ ಅದು ಧೂಳು.

ಆದರೆ ಎಷ್ಟು ಬಿಸಿ? ಲ್ಯಾಂಪು ಉರಿಯುತ್ತಲೇ ಇದ್ದರೆ ರೋಲರು ಸುಟ್ಟುಹೋಗುತ್ತದೆ. ಆರಿಯೇ ಇದ್ದರೆ ಪುಡಿ ಕರಗುವುದಿಲ್ಲ. ಹಾಗಾಗಿ ರೋಲರಿನ ಮೈಗೆ ತಾಗಿಕೊಂಡು ಅಕ್ಕಿಕಾಳಿನಷ್ಟು ಸಣ್ಣ ಒಂದು ಸೆನ್ಸರ್ ಇಟ್ಟಿರುತ್ತಾರೆ. ಬಿಸಿ ಏರಿದ ಹಾಗೆ ಅದರ ರೋಧ, ಅಂದರೆ ರೆಸಿಸ್ಟೆನ್ಸ್, ಇಳಿಯುತ್ತದೆ. ಮಷಿನಿನ ಎಲೆಕ್ಟ್ರಾನಿಕ್ ಬೋರ್ಡು ಆ ರೋಧವನ್ನು ಕ್ಷಣಕ್ಷಣವೂ ಓದುತ್ತಾ ಇರುತ್ತದೆ. ಇಷ್ಟು ಇಳಿದರೆ ಸಾಕಷ್ಟು ಬಿಸಿಯಾಗಿದೆ ಅಂತ ಅರ್ಥ, ಒಂದು ಎಲೆಕ್ಟ್ರಾನಿಕ್ ಸ್ವಿಚ್ಚಿಗೆ ಹೇಳಿ ಲ್ಯಾಂಪು ಆರಿಸುತ್ತದೆ. ಒಂದು ಕಾಗದ ಹೋದರೆ ಅದು ಬಿಸಿಯನ್ನು ಎಳೆದುಕೊಂಡೇ ಹೋಗುತ್ತದೆ, ರೋಲರು ತಣಿಯುತ್ತದೆ, ರೋಧ ಏರುತ್ತದೆ, ಪುನಃ ಹೊತ್ತಿಸು. ಪುನಃ ಆರಿಸು. ಇಡೀ ದಿನ ಇದೇ. ನನಗಿಂತ ಚಡಪಡಿಕೆಯ ಜೀವಿ ಜಗತ್ತಿನಲ್ಲಿ ಇನ್ನೊಂದಿದೆ ಅಂತ ತಿಳಿದು ಸಮಾಧಾನವಾಯಿತು.

"ಮಳೆಗಾಲದಲ್ಲಿ ಕರೆಂಟು ಕಮ್ಮಿ ಬರ್ತದಲ್ಲ, ಲ್ಯಾಂಪಿಗೆ ಬಿಸಿಯೇರ್ಲಿಕ್ಕೆ ಹೊತ್ತು ಬೇಕು," ಅಂದ ವಸಂತ. "ಅಷ್ಟೂ ಹೊತ್ತು ಪ್ಲೀಸ್ ವೇಟ್ ಅಂತ ಬರುದು. ಎಲ್ಲರೂ ಬೈಯುದು. ಅದಕ್ಕೆ ಮೆಕ್ಯಾನಿಕ್ ಒಬ್ಬ ಬಂದು ಒಂದು ಸಣ್ಣ ಕೆಲಸ ಮಾಡಿಕೊಟ್ಟ."

"ಎಂತ ಕೆಲಸ?"

ಅವನು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು ತೋರಿಸಿದ. ಸೆನ್ಸರಿನ ಎರಡು ತಂತಿಗಳಿಗೆ ಅಡ್ಡವಾಗಿ ಒಂದು ಪುಟಾಣಿ ರೆಸಿಸ್ಟರ್ ಬೆಸೆದಿತ್ತು. ಬಣ್ಣದ ಪಟ್ಟಿಗಳ, ನಾವು ಲ್ಯಾಬಿನಲ್ಲಿ ಮಕ್ಕಳಿಗೆ ತೋರಿಸುವಂಥದ್ದೇ.

ನನಗೆ ತಟ್ಟನೆ ಹೊಳೆಯಿತು. ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಕಡಿಮೆಯಾಗುತ್ತದೆ. ಎಷ್ಟು ಮಕ್ಕಳ ಕಿವಿ ಹಿಂಡಿ ಬಾಯಿಪಾಠ ಮಾಡಿಸಿದ ಮಾತು! ಬೋರ್ಡಿಗೆ ಕಾಣುವ ರೋಧ ಕಡಿಮೆ. ಕಡಿಮೆ ಅಂದರೆ ಬಿಸಿ ಏರಿದೆ ಅಂತ ಅದರ ಲೆಕ್ಕ. ರೋಲರು ಇನ್ನೂ ಅರೆಬೆಚ್ಚಗಿರುವಾಗಲೇ ಅದು ಲ್ಯಾಂಪು ಆರಿಸಿ "ರೆಡಿ" ಅನ್ನುತ್ತದೆ. ಪಾಪ, ಬೋರ್ಡಿನ ತಪ್ಪೇನೂ ಇಲ್ಲ. ತಿಳಿಸಬೇಕಾದವನ ಬಾಯಿಯನ್ನೇ ತಿರುಚಿದರೆ ಅದು ಏನು ಮಾಡೀತು?

"ತೆಳು ಕಾಗದ, ಒಣಗಿದ್ದಾದ್ರೆ ಹೇಗೋ ನಡೀತದೆ," ಅಂದ ಅವನು. "ನಿಮ್ಮದು ದಪ್ಪ ಕಾಗದ, ಮೇಲಿಂದ ತಂಡಿ. ಅದು ಇದ್ದ ಬಿಸಿಯನ್ನೂ ಕುಡೀತು. ಅಕ್ಷರ ಮೇಲೆ ಮೇಲೆ ಕೂತದ್ದು ಅಷ್ಟೆ."

"ಇಂಥದ್ದು ಮಾಡಿಸಬಾರದಿತ್ತು ವಸಂತ."

ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. "ಹೋದ ತಿಂಗಳು ಅಷ್ಟು ಜನರೆದುರು ನೀವು ಎದುರಿನ ಅಂಗಡಿಗೆ ಹೋಗ್ತೇನೆ ಅಂದ್ರಲ್ಲ ಟೀಚರ್. ಮರುದಿನವೇ ಮೆಕ್ಯಾನಿಕ್ಕನ್ನು ಕರೆಸಿದ್ದು ನಾನು."



ಒಂದು ಮಾತು ಕೇಳುತ್ತೇನೆ. ನಾವೀಗ ಯಾವುದಕ್ಕೆ ಕಾಯುತ್ತೇವೆ? ಹೋಟೆಲಿನಲ್ಲಿ ಕೂತು ಎರಡು ನಿಮಿಷಕ್ಕೆ ದೋಸೆ ಬರದಿದ್ದರೆ ಸಪ್ಲೈಯರಿನ ಮುಖ ನೋಡುತ್ತೇವೆ. ಅವನು ಅರೆಬೆಂದ ದೋಸೆ ತರುತ್ತಾನೆ. ಡಾಕ್ಟರ ಹತ್ತಿರ ಒಂದೇ ದಿನದಲ್ಲಿ ಜ್ವರ ಇಳಿಯಬೇಕು ಅನ್ನುತ್ತೇವೆ. ಅವರು ಇಂಜೆಕ್ಷನ್ ಕೊಡುತ್ತಾರೆ. ಮಗುವಿಗೆ ಪಾಠ ಅರ್ಥವಾಯಿತೇ ಅಂತ ಕೇಳಿ ಉತ್ತರಕ್ಕೆ ಮೊದಲೇ ಮುಂದಿನ ಪುಟ ತಿರುವುತ್ತೇವೆ (ನಾನು ತಿರುವಿದ್ದೇನೆ). ಮಗು ಹೂಂ ಅನ್ನುತ್ತದೆ. ಹೂಂ ಅನ್ನದೆ ಅದಕ್ಕೆ ಬೇರೆ ಏನು ದಾರಿ? ನಮ್ಮ ಗಡಿಬಿಡಿಗೆ ಹೆದರಿ ಸುತ್ತಮುತ್ತಲಿನವರೆಲ್ಲ ಒಂದೊಂದು ಪುಟಾಣಿ ರೆಸಿಸ್ಟರ್ ಬೆಸೆದುಕೊಂಡು ಕೂತಿದ್ದಾರೆ. ಕೇಳಿದ ಕೂಡಲೇ ರೆಡಿ ಅನ್ನುತ್ತಾರೆ.

ವಸಂತ ರೆಸಿಸ್ಟರನ್ನು ಕತ್ತರಿಸಿ ತೆಗೆದ. ಮುಚ್ಚಳ ಹಾಕಿ ಸ್ವಿಚ್ ಒತ್ತಿದ. ಸ್ಕ್ರೀನಿನಲ್ಲಿ "ಪ್ಲೀಸ್ ವೇಟ್".

ನಾನು ಸಹಿಯ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತೆ. ಒಳಗೆ ಲ್ಯಾಂಪು ಹೊತ್ತಿದಾಗಲೆಲ್ಲ ಅಂಗಡಿಯ ಟ್ಯೂಬ್‌ಲೈಟು ಸ್ವಲ್ಪ ಮಂಕಾಗುತ್ತಿತ್ತು. ಒಂದು ನಿಮಿಷ. ಕಾಲು ಬದಲಿಸಿದೆ. ಗೋಡೆಯ ಕ್ಯಾಲೆಂಡರ್ ಓದಿದೆ. ಎರಡು ನಿಮಿಷ. ಓದಲು ಬೇರೇನೂ ಇರಲಿಲ್ಲ, ಹಾಳೆಯನ್ನೇ ನೋಡಿದೆ. ನೀಲಿ ಅಕ್ಷರದ ಸಹಿ, ಕೊನೆಯಲ್ಲಿ ಒಂದು ಚುಕ್ಕಿ. ಕನ್ನಡಕವಿಲ್ಲದೆ ಹಾಕಿದ ಸಹಿಯಾದ್ದರಿಂದ ಸ್ವಲ್ಪ ಓರೆ.

ನಾಳೆ ಉಮರಾಕನ ತಮ್ಮ ಬಂದು, "ನಮ್ಮ ಅಣ್ಣ ಸಹಿ ಹಾಕಿದ್ದು ಇದಕ್ಕೇನಾ?" ಅಂತ ಕೇಳಿದರೆ ಏನು ಹೇಳುವುದು? ಹೌದು ಅನ್ನಬಹುದು. ಆದರೆ ಅವರ ಸಹಿಯ ಮೇಲೆ ಅವರಿಲ್ಲದಾಗ ನಾನು ಮುದ್ರಿಸಿದೆ ಅನ್ನುವುದು ನನಗೆ ಗೊತ್ತಿರುತ್ತದಲ್ಲ? ಪ್ರಸಾದನಿಗೂ ಗೊತ್ತು. ಈ ದಾರಿಯಲ್ಲಿ ಜೀಪು ಬಂದಾಗಲೆಲ್ಲ ಭಾವನಿಗೂ ಗೊತ್ತು.

ಮೂರನೇ ನಿಮಿಷಕ್ಕೆ ಹಾಳೆಯನ್ನು ಕವರಿಗೆ ಹಾಕಿದೆ. "ಪೆಟ್ಟಿಗೆಯಿಂದ ಒಣಗಿದ ಹಾಳೆ ತೆಗಿ. ಹೊಸತೇ ಕೊಡು," ಅಂದೆ.

ಇದನ್ನು ನನ್ನ ದೊಡ್ಡಸ್ತಿಕೆ ಅಂತ ದಯವಿಟ್ಟು ಓದಬೇಡಿ. ಆ ಮಷಿನು ಸೋಮವಾರದ ಹಾಗೆ ಕಣ್ಣು ಮುಚ್ಚಿ ಬಿಡುವುದರೊಳಗೆ ರೆಡಿ ಅಂದಿದ್ದರೆ, ಸಹಿಯ ಹಾಳೆಯನ್ನು ನಾನು ತುರುಕಿಯೇ ಬಿಡುತ್ತಿದ್ದೆ. ಸತ್ಯ ಇಷ್ಟೇ.

ಹೊಸ ಪ್ರತಿ ಹಿಡಿದು ಸುಳ್ಯದ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಉಮರಾಕ ಫೋನು ಎತ್ತಿದರು. "ಸುಳ್ಯ ಬಿಟ್ಟೆ ಟೀಚರ್. ಕಡಬಕ್ಕೆ ಹೋಗ್ತಾ ಇದ್ದೇನೆ. ಎಂತ ಸಂಗತಿ?" ಬಂದು ಹೇಳುತ್ತೇನೆ ಅಂದೆ. ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ ಕಡಬದ ನೇರ ಬಸ್ಸಿಗೆ ಇಪ್ಪತ್ತು ನಿಮಿಷ ಇದೆ ಅಂದರು. ಇಪ್ಪತ್ತು ನಿಮಿಷ ಯಾರು ಕಾಯುತ್ತಾರೆ? ಸಿಕ್ಕಿದ ಬಸ್ಸು ಹತ್ತಿ, ನಡುವೆ ಒಂದು ಕಡೆ ಇಳಿದು, ಇನ್ನೊಂದಕ್ಕೆ ಕೈ ತೋರಿಸುತ್ತಾ ಮಳೆಯಲ್ಲಿ ನಿಂತಿದ್ದೆ. ನನ್ನ ಕಣ್ಣೆದುರೇ ಆ ನೇರ ಬಸ್ಸು ತುಂಬಿಕೊಂಡು, ನಿಲ್ಲಿಸದೆ ಹೋಯಿತು. ಮೂರು ನಿಮಿಷ ನಿಂತು ಜ್ಞಾನೋದಯವಾದವಳ ಕಥೆ ಇದು.

ಕಡಬ ತಲುಪುವಾಗ ಸಂಜೆ ಐದು. ಉಮರಾಕನ ತಮ್ಮನ ಮನೆಯ ಜಗಲಿಯಲ್ಲಿ ಸೂಟ್‌ಕೇಸುಗಳು ಸಾಲಾಗಿ ಕೂತಿದ್ದವು. ಉಮರಾಕ ನಮಾಜು ಮುಗಿಸಿ ಬಂದರು. ಒದ್ದೆ ಸೀರೆಯಲ್ಲಿ ನನ್ನನ್ನು ಕಂಡು ಗಾಬರಿಯಾದರು. "ಭಾವ ಹುಷಾರುಂಟಾ?"

ಮೊದಲು ಕೇಳಿದ್ದು ಅದನ್ನು. ಮರೆಯುವುದಿಲ್ಲ.

ಹುಷಾರಿದ್ದಾರೆ ಅಂದೆ. ಖಾಲಿ ಹಾಳೆ ತೆಗೆದು ಅವರ ಕೈಯಲ್ಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ರೋಲರು, ಸೆನ್ಸರು, ಅಕ್ಕನ ಒಣ ಬಟ್ಟೆ. ಓಮ್ನಿಯಲ್ಲಿ ನಾನು "ಹಾಗೇ ಮಾಡುವ" ಅಂದದ್ದನ್ನು ಮಾತ್ರ ಹೇಳಲಿಲ್ಲ.

ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು. ತಮ್ಮದೇ ಸಹಿಯನ್ನು ಬಹಳ ಹೊತ್ತು ನೋಡಿದರು.

"ಇದು ನಿನ್ನೆಯಿಂದ ಯಾರ ಹತ್ರ ಇತ್ತು ಟೀಚರ್?"

ಸಿಟ್ಟಿನ ದನಿಯಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳುವ ದನಿ. ಆದರೆ ಅಂಥ ಪ್ರಶ್ನೆಯನ್ನು ಅವರು ನನ್ನ ಹತ್ತಿರ ಯಾವತ್ತೂ ಕೇಳಿದ್ದಿಲ್ಲ.

"ಅಕ್ಕನ ಹತ್ರ. ಇವತ್ತು ಬೆಳಿಗ್ಗೆಯಿಂದ ನನ್ನ ಹತ್ರ."

"ಹ್ಞಾಂ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಹರಿದು ಹಾಕಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಹೊಸ ಪತ್ರ ಕೊಟ್ಟೆ. "ಒಂದು ನಿಮಿಷ," ಅಂದು ಒಳಗೆ ಹೋದರು. ಕನ್ನಡಕ ತಂದರು. ಜಗಲಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕೂತರು. ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದಲು ಶುರು ಮಾಡಿದರು. ಸರ್ವೆ ನಂಬರಿನ ಹತ್ತಿರ ನಿಂತು, ಮೊಬೈಲಿನಲ್ಲಿದ್ದ ಪಹಣಿಯ ಫೋಟೋಗೆ ಹೋಲಿಸಿದರು. "ಎಂಟಡಿ ಅಂತ ಅಂಕೆಯಲ್ಲಿ ಮಾತ್ರ ಉಂಟು. ಅಕ್ಷರದಲ್ಲಿಯೂ ಬರೀರಿ," ಅಂದರು. ಬರೆದೆ. "ತೋಡಿನ ಬದಿಯಲ್ಲಿ ನಮ್ಮದೊಂದು ಹಲಸಿನ ಮರ ಉಂಟು. ಅದನ್ನು ಕಡಿಯುದಿಲ್ಲ ಅಂತ ಒಂದು ಸಾಲು ಬೇಕು." ಬರೆದೆ. ನ್ಯಾಯವಾದ ಮಾತುಗಳು. ನಾನೇ ಮೊದಲು ಬರೆಯಬೇಕಿದ್ದ ಮಾತುಗಳು. ಓದಿ ಮುಗಿಸಿ ತಮ್ಮನಿಗೆ ಕೊಟ್ಟರು. ತಮ್ಮ ಓದಿದರು. ಆಮೇಲೆ ಸಹಿ ಬಿತ್ತು, ಸ್ವಲ್ಪವೂ ಓರೆಯಾಗದೆ. ಸಾಕ್ಷಿಗೆ ತಮ್ಮನದು, ನನ್ನದು.

ಚಾ ಬಂತು, ತುಪ್ಪದ ತಿಂಡಿ ಬಂತು. ಒದ್ದೆಯಾಗಿದ್ದೀರಿ ಅಂತ ಅವರ ಹೆಂಡತಿ ಟವೆಲ್ ತಂದುಕೊಟ್ಟರು. ಪ್ರೀತಿಯಲ್ಲಿ ಒಂದು ಚೂರೂ ಕಡಿಮೆ ಇರಲಿಲ್ಲ. ಹೊರಡುವಾಗ ಗೇಟಿನವರೆಗೆ ಬಂದು ಉಮರಾಕ ಹೇಳಿದರು, "ಇದರದ್ದೊಂದು ಜೆರಾಕ್ಸ್ ನನಗೂ ಬೇಕು ಟೀಚರ್. ವಾಟ್ಸಾಪ್ ಆದ್ರೂ ಮಾಡಿ."

ಬುಧವಾರ ಪತ್ರ ಪಂಚಾಯಿತಿ ಸೇರಿತು. ಮಳೆ ಬಿಟ್ಟ ಮೇಲೆ ಕಾಂಕ್ರೀಟು ಬೀಳುತ್ತದೆ. ಭಾವ ಜೀಪಿನಿಂದ ಅಂಗಳಕ್ಕೇ ಇಳಿಯುತ್ತಾರೆ. ಅಕ್ಕ ದಿನಕ್ಕೆ ಎರಡು ಸಲ ಫೋನು ಮಾಡಿ ನಿನ್ನಿಂದಾಗಿ ಆಯ್ತು ಮಾರಾಯ್ತಿ ಅನ್ನುತ್ತಾಳೆ.

ಓದಿ ಸಹಿ ಹಾಕುವುದು ಒಳ್ಳೆಯದೇ, ನಾನೂ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟವಳು. ಆದರೆ ನಿವೃತ್ತಿಯ ನಂತರ ನಾನು ಮಾಡಿದ ಒಂದೇ ಒಂದು ಪಾಠ, ನಾನು ಬರೆದದ್ದನ್ನು ಓದದೆ ನಂಬುತ್ತಿದ್ದ ಒಬ್ಬ ಮನುಷ್ಯನಿಗೆ ಕನ್ನಡಕ ಹಾಕಿಸಿದ್ದು.